ಶ್ವಾಸನಾಳದ ಗೋಡೆಯೊಳಗೆ ನಡೆಯುವುದೇನು? ಓದುಗರ ಪ್ರಶ್ನೆ, ವೈದ್ಯರ ಉತ್ತರ

ಅಲರ್ಜಿಯಿಂದ ಬರುವ ಅಸ್ತಮಾದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಉಬ್ಬಸ ಬಂದ ರಾತ್ರಿಯನ್ನು ಕುರಿತವು. ಉಬ್ಬಸವಿಲ್ಲದ ದಿನಗಳಲ್ಲಿ ಎದೆಯೊಳಗೆ ಏನಾಗುತ್ತಿರುತ್ತದೆ ಎಂದು ಕೇಳುವವರು ಕಡಿಮೆ. ಈ ಸಲ ಅಂಥ ಆರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಆರೂ ಬೆಂಗಳೂರಿನವೇ.

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ. ನಾಲ್ಕನೆಯ ವರ್ಷದಿಂದ ಅಲರ್ಜಿ ಅಸ್ತಮಾ ಇದೆ. ಮಳೆಗಾಲ ಆರಂಭವಾದಾಗ ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ ನೆಬ್ಯುಲೈಸರ್ ಹಾಕಿಸಬೇಕಾಗುತ್ತದೆ; ಉಳಿದಂತೆ ಗೆಲುವಾಗಿಯೇ ಆಡಿಕೊಂಡಿರುತ್ತಾನೆ. ಹೋದ ತಿಂಗಳು ಹೊಸ ವೈದ್ಯರೊಬ್ಬರು, ದಿನವೂ ಇನ್‌ಹೇಲರ್ ಕೊಡದಿದ್ದರೆ ಶ್ವಾಸನಾಳದ ರಚನೆಯೇ ಬದಲಾಗುತ್ತದೆ, ಅದನ್ನು ರಿಮಾಡೆಲಿಂಗ್ ಎನ್ನುತ್ತಾರೆ ಎಂದರು. ಉಬ್ಬಸವೇ ಇಲ್ಲದ ಮಗುವಿಗೆ ದಿನವೂ ಔಷಧ ಏಕೆ? ರಚನೆ ಬದಲಾಗುವುದೆಂದರೆ ಏನು?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ತಾಯಿ, ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ.

ಗಂಟಲಿನಿಂದ ಕೆಳಗಿಳಿಯುವ ಶ್ವಾಸನಾಳ ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಸುಮಾರು 23 ಸಲ ಕವಲೊಡೆದು ಕೊನೆಗೆ ಗಾಳಿಗೂಡುಗಳನ್ನು ಸೇರುತ್ತದೆ. ಈ ಕೊಳವೆಗಳ ಗೋಡೆಯಲ್ಲಿ ಹಲವು ಪದರಗಳಿವೆ. ಗಾಳಿ ತಾಗುವ ಒಳಮೈಯಲ್ಲಿ ಒತ್ತಾಗಿ ಜೋಡಿಸಿದ ಜೀವಕೋಶಗಳ ಹೊದಿಕೆಯಿದೆ. ಆ ಕೋಶಗಳ ತಲೆಯ ಮೇಲಿನ ಸೂಕ್ಷ್ಮ ರೋಮಗಳು ಗಾಳಿಗೆ ಬಾಗುವ ಪೈರಿನಂತೆ ಒಂದೇ ದಿಕ್ಕಿಗೆ ಬಾಗಿ ಏಳುತ್ತ, ದೂಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ಹೊದಿಕೆಯ ಕೆಳಗೆ ಅದನ್ನು ಹಿಡಿದು ನಿಲ್ಲಿಸುವ ತೆಳುವಾದ ತಳಪೊರೆ, ಅದರ ಕೆಳಗೆ ರಕ್ತನಾಳಗಳಿರುವ ಸಡಿಲ ಅಂಗಾಂಶ, ಅದನ್ನು ಸುತ್ತುವರಿದ ಅನೈಚ್ಛಿಕ ಸ್ನಾಯುವಿನ ಪಟ್ಟಿಗಳು, ದೊಡ್ಡ ನಾಳಗಳಲ್ಲಾದರೆ ಅದಕ್ಕೂ ಹೊರಗೆ ಲೋಳೆಗ್ರಂಥಿಗಳು ಮತ್ತು ಮೃದ್ವಸ್ಥಿ.

ನಿಮ್ಮ ಮಗನಿಗೆ ಯಾವುದರ ಅಲರ್ಜಿ ಎಂದು ನೀವು ಬರೆದಿಲ್ಲ. ಹಾಸಿಗೆ, ದಿಂಬುಗಳಲ್ಲಿ ಮನೆ ಮಾಡಿಕೊಂಡಿರುವ, ಕಣ್ಣಿಗೆ ಕಾಣದ ದೂಳಿನ ನುಸಿಯನ್ನು, ಅಂದರೆ ಡಸ್ಟ್ ಮೈಟ್ ಅನ್ನು, ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಹಿಕ್ಕೆಯಲ್ಲಿರುವ ಮುಖ್ಯ ಅಲರ್ಜಿಕಾರಕ ಪ್ರೋಟೀನು ಒಂದು ಕಿಣ್ವವೂ ಹೌದು. ಹೊದಿಕೆಯ ಕೋಶಗಳನ್ನು ಒಂದಕ್ಕೊಂದು ಬಿಗಿದಿರುವ ಕೊಂಡಿಗಳನ್ನೇ ಅದು ಕತ್ತರಿಸುತ್ತದೆ. ಹಾಗೆ ಬಿಟ್ಟ ಸಂದಿಯಲ್ಲಿ ಅದು ಒಳನುಗ್ಗಿದಾಗ, ಐಜಿಇ ಎಂಬ ಪ್ರತಿಕಾಯವನ್ನು ಮೈಮೇಲೆ ಹೊತ್ತು ಕಾದು ಕುಳಿತ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈಈನ್ ಮುಂತಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ. ಕೆಲವೇ ನಿಮಿಷಗಳಲ್ಲಿ ಸ್ನಾಯುವಿನ ಪಟ್ಟಿ ಬಿಗಿದುಕೊಳ್ಳುತ್ತದೆ. ನೀವು ಕೇಳುವ ಸುಂಯ್ ಎಂಬ ಸದ್ದು ಇದರದ್ದು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕರಿಂದ ಎಂಟು ಗಂಟೆಗಳ ಬಳಿಕ, ಮಗು ಒಂದು ನಿದ್ದೆ ಮುಗಿಸಿ ಏಳುವ ಹೊತ್ತಿಗೆ, ರಕ್ತದಿಂದ ಇಯೊಸಿನೊಫಿಲ್ ಎಂಬ ಬಿಳಿಯ ರಕ್ತಕಣಗಳು ಗೋಡೆಯೊಳಕ್ಕೆ ಬಂದು ಸೇರಿ ಉರಿಯೂತ ಹೂಡುತ್ತವೆ. ದಿನವೂ ಅದೇ ಹಾಸಿಗೆ, ಅದೇ ನುಸಿ ಎಂದಮೇಲೆ ಈ ಉರಿಯೂತ ಉಬ್ಬಸ ನಿಂತ ಮೇಲೂ ಸಣ್ಣಗೆ ಹೊಗೆಯಾಡುತ್ತಲೇ ಇರುತ್ತದೆ.

ಗುದ್ದಲಿ ಹಿಡಿದ ಅಂಗೈ ಒಂದೆರಡು ದಿನ ಬೊಬ್ಬೆ ಬಂದು ಆಮೇಲೆ ಜಡ್ಡುಗಟ್ಟುತ್ತದೆ. ಪದೇಪದೇ ಗಾಯಗೊಂಡು ಪದೇಪದೇ ಮಾಯುವ ಶ್ವಾಸನಾಳವೂ ಹೀಗೆಯೇ ಜಡ್ಡುಗಟ್ಟುತ್ತದೆ. ಆ ಜಡ್ಡಿಗೇ ನಿಮ್ಮ ವೈದ್ಯರು ರಿಮಾಡೆಲಿಂಗ್ ಎಂದದ್ದು. ಒಳಹೊದಿಕೆಯ ಕೋಶಗಳು ಸಡಿಲಗೊಂಡು ಅಲ್ಲಲ್ಲಿ ಕಿತ್ತುಬರುತ್ತವೆ. ರೋಮವುಳ್ಳ ಕೋಶಗಳು ಇದ್ದ ಕಡೆ ಲೋಳೆ ತಯಾರಿಸುವ ಗಾಬ್ಲೆಟ್ ಕೋಶಗಳು ಹೆಚ್ಚುತ್ತವೆ. ಇಂಟರ್‌ಲ್ಯೂಕಿನ್ 13 ಎಂಬ ಸಂದೇಶವಾಹಕ ಇದಕ್ಕೆ ಮುಖ್ಯ ಕಾರಣ. ಹೀಗಾದಾಗ ಗುಡಿಸುವವರು ಕಡಿಮೆಯಾಗಿ ಕಸ ಹಾಕುವವರು ಹೆಚ್ಚಾದಂತೆ. ಹೊಸ ರಕ್ತನಾಳಗಳು ಹುಟ್ಟಿ ಗೋಡೆ ಊದಿಕೊಳ್ಳುತ್ತದೆ. ಸ್ನಾಯುವಿನ ಕೋಶಗಳು ಗಾತ್ರದಲ್ಲೂ ಸಂಖ್ಯೆಯಲ್ಲೂ ಬೆಳೆಯುತ್ತವೆ.

ಇನ್ನು ತಳಪೊರೆ. ನಾನು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ನೋಡಿದ ಒಂದು ಸ್ಲೈಡ್ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಅಸ್ತಮಾ ಇದ್ದವರೊಬ್ಬರ ಶ್ವಾಸನಾಳದ ಚೂರು ಅದು. ನೇರಳೆ ಚುಕ್ಕೆಗಳ ಸಾಲಿನ ಕೆಳಗೆ ತಿಳಿಗುಲಾಬಿ ಬಣ್ಣದ ಪಟ್ಟಿಯೊಂದು ಸೀರೆಯ ಅಂಚಿನಂತೆ ಒಂದೇ ಸಮನಾಗಿ ಹರಿದಿತ್ತು. ಪಕ್ಕದಲ್ಲಿಟ್ಟ ಆರೋಗ್ಯವಂತರ ಚೂರಿನಲ್ಲಿ ಅದೇ ಪಟ್ಟಿಯನ್ನು ಹುಡುಕಿ ಕಂಡುಕೊಳ್ಳಬೇಕಾಯಿತು. ಆರೋಗ್ಯವಂತರಲ್ಲಿ ಅದರ ದಪ್ಪ ಸುಮಾರು 5 ಮೈಕ್ರಾನ್. ಅಸ್ತಮಾದಲ್ಲಿ ಎರಡರಷ್ಟಾಗುವುದು ಅಪರೂಪವೇನಲ್ಲ. ಅಸ್ತಮಾದಿಂದ ತೀರಿಕೊಂಡವರ ಶ್ವಾಸನಾಳದ ಗೋಡೆ ದಪ್ಪವಾಗಿರುವುದನ್ನು ಅಮೆರಿಕದ ಹ್ಯೂಬರ್ ಮತ್ತು ಕೋಸ್ಲರ್ 1922ರಲ್ಲಿಯೇ ಅಳೆದು ಬರೆದಿದ್ದರು. ಆದರೆ ಆ ಪಟ್ಟಿ ನಿಜಕ್ಕೂ ತಳಪೊರೆಯಲ್ಲ ಎಂದು ತಿಳಿದದ್ದು 1989ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ. ಅಸಲಿ ತಳಪೊರೆ ಇದ್ದಷ್ಟೇ ಇತ್ತು. ಅದರ ಅಡಿಯಲ್ಲಿ ಕೊಲಾಜೆನ್ ನಾರುಗಳು ಚಾಪೆಯಂತೆ ಹೆಣೆದುಕೊಂಡಿದ್ದವು. ಗಾಯ ಮಾಯಿಸುವ ಮಯೋಫೈಬ್ರೊಬ್ಲಾಸ್ಟ್ ಕೋಶಗಳು ನೆಯ್ದ ಚಾಪೆ ಅದು. ನಾವು ವೈದ್ಯರು ಮಾತ್ರ ಹಳೆಯ ಅಭ್ಯಾಸದಂತೆ ಇಂದಿಗೂ ತಳಪೊರೆ ದಪ್ಪವಾಗಿದೆ ಎಂದೇ ಬರೆಯುತ್ತೇವೆ.

ಐದು ಮೈಕ್ರಾನ್ ಹೆಚ್ಚಾದರೆ ಏನು ಮಹಾ ಎಂದು ನೀವು ಕೇಳಬಹುದು. ತಲೆಗೂದಲಿನ ದಪ್ಪವೇ ಅದರ ಹತ್ತರಷ್ಟಕ್ಕಿಂತ ಹೆಚ್ಚು. ಆ ಪಟ್ಟಿಯೊಂದರಿಂದಲೇ ನಾಳ ಮುಚ್ಚುವುದಿಲ್ಲ ಎಂಬುದು ನಿಜ. ತೊಂದರೆ ಕೊಡುವುದು ಒಟ್ಟು ಗೋಡೆಯ ದಪ್ಪ. ಲಾಡಿ ಹಾಕಿದ ತೆಳುಬಟ್ಟೆಯ ಚೀಲವೊಂದನ್ನೂ ಕಂಬಳಿಯಿಂದ ಹೊಲಿದ ಇನ್ನೊಂದನ್ನೂ ಕಲ್ಪಿಸಿಕೊಳ್ಳಿ. ಎರಡರ ಲಾಡಿಯನ್ನೂ ಒಂದೇ ಅಳತೆಯಷ್ಟು ಎಳೆದರೆ ಬಟ್ಟೆಯ ಚೀಲದ ಬಾಯಲ್ಲಿ ಬೆರಳು ತೂರುವಷ್ಟು ಕಂಡಿ ಉಳಿಯುತ್ತದೆ. ಕಂಬಳಿಯ ಚೀಲದ ಬಾಯಿ ಮುಚ್ಚಿಯೇ ಹೋಗುತ್ತದೆ. ಸ್ನಾಯು ಲಾಡಿ, ಗೋಡೆ ಚೀಲ. ಇದರ ಜೊತೆಗೆ ಭೌತಶಾಸ್ತ್ರದ ಒಂದು ನಿಯಮವೂ ಸೇರಿಕೊಳ್ಳುತ್ತದೆ: ನಯವಾಗಿ ಹರಿಯುವ ಗಾಳಿಗೆ ಕೊಳವೆ ಒಡ್ಡುವ ತಡೆ ಅದರ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುವುದರಿಂದ, ತ್ರಿಜ್ಯ ಅರ್ಧಕ್ಕಿಳಿದರೆ ತಡೆ 16 ಪಟ್ಟು ಏರುತ್ತದೆ. ಗೋಡೆ ದಪ್ಪವಾದವರಿಗೆ ಸಣ್ಣ ನೆಗಡಿಯೂ ದೊಡ್ಡ ಉಬ್ಬಸವಾಗುವುದು ಇದರಿಂದ.

ಈಗ ನಿಮ್ಮ ಮೊದಲ ಪ್ರಶ್ನೆ. ನಿಮ್ಮ ವೈದ್ಯರ ಸಲಹೆ ಸರಿಯಾಗಿಯೇ ಇದೆ. ಅವರು ಕೊಟ್ಟ ಕಾರಣವನ್ನು ಮಾತ್ರ ಸ್ವಲ್ಪ ತಿದ್ದಿ ಹೇಳುತ್ತೇನೆ. ಅಸ್ತಮಾ ಇರುವ ಶಾಲಾ ವಯಸ್ಸಿನ ಮಕ್ಕಳಲ್ಲಿ ಈ ಕೊಲಾಜೆನ್ ಪಟ್ಟಿ ಆಗಲೇ ದಪ್ಪವಾಗಿರುತ್ತದೆ. ಒಂದರಿಂದ ಮೂರು ವರ್ಷದೊಳಗಿನ, ಪದೇಪದೇ ಉಬ್ಬಸ ಬರುವ ಮಕ್ಕಳಲ್ಲಿಯೂ ಅದರ ಆರಂಭ ಕಂಡಿದೆ. ಸುಮಾರು ಒಂದು ವರ್ಷದ ಕೂಸುಗಳಲ್ಲಿ ಕಂಡಿಲ್ಲ. ಎಂದರೆ ಜಡ್ಡುಗಟ್ಟುವ ಕೆಲಸ ಬಹಳ ಬೇಗ ಆರಂಭವಾಗುತ್ತದೆ, ನಾವು ಇನ್‌ಹೇಲರ್ ಬರೆದುಕೊಡುವ ಹೊತ್ತಿಗೆ ಅದು ಒಂದಷ್ಟು ದೂರ ಸಾಗಿರುತ್ತದೆ. ಅಮೆರಿಕ ಮತ್ತು ಕೆನಡಾದಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನು ನಾಲ್ಕರಿಂದ ಆರು ವರ್ಷಗಳ ಕಾಲ ಗಮನಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಬುಡೆಸೊನೈಡ್ ಎಂಬ ಸ್ಟೀರಾಯ್ಡನ್ನು ಇನ್‌ಹೇಲರಿನಲ್ಲಿ ಎಳೆದುಕೊಂಡ ಮಕ್ಕಳ ಶ್ವಾಸಕೋಶದ ಸಾಮರ್ಥ್ಯ ಕೊನೆಯಲ್ಲಿ ಉಳಿದವರಿಗಿಂತ ಹೆಚ್ಚೇನೂ ಬೆಳೆದಿರಲಿಲ್ಲ. ಅದೇ ಮಕ್ಕಳು ಆಸ್ಪತ್ರೆಗೆ ದಾಖಲಾದದ್ದು ಮತ್ತು ತುರ್ತಾಗಿ ವೈದ್ಯರ ಬಳಿಗೆ ಓಡಿದ್ದು ಮಾತ್ರ ಸುಮಾರು ಅರ್ಧಕ್ಕೆ ಇಳಿದಿತ್ತು. ಆದ್ದರಿಂದ ದಿನದ ಇನ್‌ಹೇಲರ್ ಗೋಡೆಯನ್ನು ಹೊಸದಾಗಿಸುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅದು ಉರಿಯೂತವನ್ನು ತಗ್ಗಿಸಿ ಉಬ್ಬಸದ ದಾಳಿಗಳನ್ನು ತಡೆಯುತ್ತದೆ. ತೀವ್ರ ದಾಳಿಗಳು ಆದವರಲ್ಲಿ ಉಸಿರಿನ ಸಾಮರ್ಥ್ಯ ಬೇಗ ಕುಸಿಯುವುದರಿಂದ, ದಾಳಿಯನ್ನು ತಡೆಯುವುದು ಗೋಡೆಯನ್ನು ಕಾಯುವುದಕ್ಕೆ ಇಂದು ನಮಗಿರುವ ಒಳ್ಳೆಯ ದಾರಿ. ವರ್ಷಕ್ಕೆ ಎರಡು ಸಲ ನೆಬ್ಯುಲೈಸರ್ ಬೇಕಾಗುವ ಮಗುವನ್ನು ಉಬ್ಬಸವೇ ಇಲ್ಲದ ಮಗು ಎಂದು ನಾನು ಎಣಿಸುವುದಿಲ್ಲ.

ಪ್ರಶ್ನೆ: ನನಗೆ 44 ವರ್ಷ, ಚಿಕ್ಕಪೇಟೆಯ ಬಟ್ಟೆ ಗೋದಾಮಿನಲ್ಲಿ ಕೆಲಸ. ಇಪ್ಪತ್ತು ವರ್ಷಗಳಿಂದ ಅಸ್ತಮಾಕ್ಕೆ ನೀಲಿ ಪಂಪ್ ಒಂದನ್ನೇ ಬಳಸುತ್ತಿದ್ದೇನೆ. ಎರಡು ಪಫ್ ಎಳೆದರೆ ಐದು ನಿಮಿಷದಲ್ಲಿ ಸರಿಹೋಗುತ್ತಿತ್ತು. ಈಗ ಮಾಡಿಸಿದ ಊದುವ ಪರೀಕ್ಷೆಯಲ್ಲಿ ಔಷಧ ಕೊಟ್ಟ ಮೇಲೂ ಶೇ 68ಕ್ಕೆ ನಿಂತಿದೆ, ಮೇಲೆ ಏರುತ್ತಿಲ್ಲ. ಬೀಡಿ, ಸಿಗರೇಟಿನ ಅಭ್ಯಾಸ ಇಲ್ಲ. ಇದು ಶಾಶ್ವತವೇ?
– ಹೆಸರು ಬೇಡ, ಕಾಟನ್‌ಪೇಟೆ

ಉತ್ತರ: ಪೂರ್ತಿ ಶಾಶ್ವತವೆಂದು ಈಗಲೇ ತೀರ್ಮಾನಿಸುವುದು ಬೇಡ. ಆದರೆ ಮೊದಲು ನೀಲಿ ಪಂಪಿನ ಬಗ್ಗೆ ಒಂದು ಮಾತು.

ಅದರಲ್ಲಿರುವ ಸಾಲ್ಬ್ಯುಟಮಾಲ್ ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ, ಅಷ್ಟೇ. ಗೋಡೆಯೊಳಗಿನ ಉರಿಯೂತವನ್ನು ಅದು ಮುಟ್ಟುವುದಿಲ್ಲ. ಐದೇ ನಿಮಿಷದಲ್ಲಿ ಹಾಯೆನಿಸುವುದರಿಂದ ರೋಗವೇ ಹೋಯಿತೆಂದು ಭಾಸವಾಗುತ್ತದೆ. ನಿಮ್ಮನ್ನು ಇಪ್ಪತ್ತು ವರ್ಷ ನಂಬಿಸಿದ್ದು ಆ ಹಾಯೆನ್ನುವ ಭಾವವೇ. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ನೀಡುವ ಅಂತರರಾಷ್ಟ್ರೀಯ ಸಂಸ್ಥೆ ಗಿನಾ 2019ರಲ್ಲಿ, ನೀಲಿ ಪಂಪ್ ಒಂದನ್ನೇ ನೆಚ್ಚಿಕೊಳ್ಳುವ ಚಿಕಿತ್ಸೆ ದೊಡ್ಡವರಿಗೂ ಹದಿಹರೆಯದವರಿಗೂ ಬೇಡ ಎಂದು ಸ್ಪಷ್ಟವಾಗಿ ಹೇಳಿತು. ಅಂದಿನಿಂದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮತ್ತು ಸ್ನಾಯುವನ್ನು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಸೇರಿದ ಇನ್‌ಹೇಲರಿಗೆ ಆದ್ಯತೆ.

ಸ್ನಾಯು ಪದೇಪದೇ ಬಿಗಿಯುವುದೇ ಗೋಡೆಗೆ ಹಾನಿ ಮಾಡುತ್ತದೆಯೇ ಎಂಬುದು ಬಹುಕಾಲ ಚರ್ಚೆಯಲ್ಲಿತ್ತು. ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಸೊಗಸಾದ ಉತ್ತರ ಕೊಟ್ಟಿತು. ಸೌಮ್ಯ ಅಸ್ತಮಾ ಇದ್ದ 48 ಸ್ವಯಂಸೇವಕರಲ್ಲಿ ಕೆಲವರಿಗೆ ದೂಳಿನ ನುಸಿಯ ಸಾರವನ್ನು ಉಸಿರಿಗೆ ಕೊಟ್ಟರು; ಇನ್ನು ಕೆಲವರಿಗೆ ಅಲರ್ಜಿಯಿಲ್ಲದೆಯೇ ಸ್ನಾಯುವನ್ನು ಬಿಗಿಸುವ ಮೆಥಾಕೋಲಿನ್ ಕೊಟ್ಟರು. ಮೆಥಾಕೋಲಿನ್ ಪಡೆದವರಲ್ಲಿ ಇಯೊಸಿನೊಫಿಲ್‌ಗಳು ಬಂದು ಸೇರಲಿಲ್ಲ. ಹಾಗಿದ್ದೂ ಕೆಲವೇ ದಿನಗಳಲ್ಲಿ ಎರಡು ಗುಂಪಿನವರ ಕೊಲಾಜೆನ್ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ದಪ್ಪವಾಗಿತ್ತು. ಮೆಥಾಕೋಲಿನ್‌ಗೆ ಮುಂಚೆ ಸಾಲ್ಬ್ಯುಟಮಾಲ್ ಕೊಟ್ಟು ಬಿಗಿತವನ್ನೇ ತಡೆದವರಲ್ಲಿ ಆ ಬದಲಾವಣೆ ಆಗಲಿಲ್ಲ. ಹಿಂಡಿದ ಗೋಡೆ ತಾನಾಗಿಯೇ ಜಡ್ಡುಗಟ್ಟುತ್ತದೆ ಎಂದಾಯಿತು. ಇಲ್ಲಿ ನೀಲಿ ಪಂಪ್ ಒಳ್ಳೆಯದನ್ನೇ ಮಾಡಿತಲ್ಲ ಎಂದು ನೀವು ಹಿಡಿದುಕೊಳ್ಳಬಹುದು. ಪ್ರಯೋಗದಲ್ಲಿ ಅದನ್ನು ಕೊಟ್ಟದ್ದು ಬಿಗಿತಕ್ಕೆ ಮುಂಚೆ, ನೀವು ಎಳೆಯುತ್ತಿರುವುದು ಬಿಗಿದ ಮೇಲೆ.

ಎಷ್ಟು ನಷ್ಟವಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ದೀರ್ಘಕಾಲದ ಅಧ್ಯಯನವೊಂದರ ಲೆಕ್ಕವಿದೆ. ಮೊದಲ ಸೆಕೆಂಡಿನಲ್ಲಿ ಊದಿ ಹೊರಹಾಕಬಲ್ಲ ಗಾಳಿಯ ಪ್ರಮಾಣ ವಯಸ್ಸಾದಂತೆ ಎಲ್ಲರಿಗೂ ಇಳಿಯುತ್ತದೆ. ಅಸ್ತಮಾ ಇಲ್ಲದವರಲ್ಲಿ ಅದು ವರ್ಷಕ್ಕೆ ಸರಾಸರಿ 22 ಮಿಲಿಲೀಟರ್ ಇಳಿದರೆ, ಅಸ್ತಮಾ ಇದ್ದವರಲ್ಲಿ 38 ಮಿಲಿಲೀಟರ್ ಇಳಿದಿತ್ತು. ವ್ಯತ್ಯಾಸ ವರ್ಷಕ್ಕೆ 16; ಇಪ್ಪತ್ತು ವರ್ಷಕ್ಕೆ 320 ಮಿಲಿಲೀಟರ್. ನಮ್ಮ ಊರಿನ ದರ್ಶಿನಿಯಲ್ಲಿ ಬೈಟು ಹೇಳಿದರೆ ಬರುವ ಲೋಟಗಳಲ್ಲಿ ಅಳೆದರೆ ನಾಲ್ಕೈದು ಲೋಟ ಗಾಳಿ. ಇದು ಸರಾಸರಿ ಮಾತ್ರ, ನಿಮ್ಮ ಎದೆಯ ಲೆಕ್ಕವಲ್ಲ.

ಈಗ ನಿಮ್ಮ ಶೇ 68, ಎಂದರೆ ನಿಮ್ಮ ವಯಸ್ಸು ಮತ್ತು ಎತ್ತರದವರು ಊದಬೇಕಾದದ್ದರಲ್ಲಿ ನೀವು ಊದಿದ ಪಾಲು. ಅದರಲ್ಲಿ ಗಾಯದ ಕಲೆ ಎಷ್ಟು, ಇನ್ನೂ ಇಳಿಯಬಲ್ಲ ಊತ ಮತ್ತು ಗಟ್ಟಿಯಾದ ಕಫ ಎಷ್ಟು ಎಂದು ಒಂದು ಪರೀಕ್ಷೆಯಿಂದ ಬೇರ್ಪಡಿಸಲಾಗದು. ವರ್ಷಗಳ ಹಿಂದೆ ಒಬ್ಬ ರೋಗಿ ನನ್ನೆದುರೇ ಕೆಮ್ಮಿ ಕೆಮ್ಮಿ ಸ್ಟೀಲ್ ಬಟ್ಟಲಿಗೆ ಏನನ್ನೋ ಉಗುಳಿದರು. ನೀರು ಹಾಕಿ ಬಿಡಿಸಿ ನೋಡಿದರೆ ಬೆಂದ ಶಾವಿಗೆಯಂತೆ ಬೆಳ್ಳಗೆ, ರಬ್ಬರಿನಂತೆ ಜಗ್ಗುವ ಎಳೆಗಳು, ಅದೂ ಕವಲು ಕವಲಾಗಿ. ಸಣ್ಣ ಶ್ವಾಸನಾಳಗಳ ಪಡಿಯಚ್ಚು. ಇಂಥ ಬಿರಡೆಗಳು ನೀಲಿ ಪಂಪಿಗೆ ಜಗ್ಗುವುದಿಲ್ಲ, ಉರಿಯೂತ ತಗ್ಗಿದಾಗ ನಿಧಾನಕ್ಕೆ ಕರಗುತ್ತವೆ. ಆದ್ದರಿಂದ ಶ್ವಾಸಕೋಶ ತಜ್ಞರ ಬಳಿ ಸ್ಟೀರಾಯ್ಡ್ ಇರುವ ಇನ್‌ಹೇಲರನ್ನು ಆರಂಭಿಸಿ, ಎಳೆದುಕೊಳ್ಳುವ ಕ್ರಮ ಸರಿಯಿದೆಯೇ ಎಂದು ಅವರೆದುರು ಎಳೆದು ತೋರಿಸಿ, ಮೂರು ತಿಂಗಳ ಬಳಿಕ ಮತ್ತೆ ಊದಿ ನೋಡಿ. ಆ ಎರಡನೆಯ ಅಂಕಿಯೇ ನಿಮ್ಮ ಪ್ರಶ್ನೆಗೆ ಉತ್ತರದ ಆರಂಭ. ಕೊಲಾಜೆನ್ ಪಟ್ಟಿಯ ಮಟ್ಟಿಗೆ ಹೇಳುವುದಾದರೆ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಇನ್‌ಹೇಲರ್ ಕೊಟ್ಟ ಒಂದು ಅಧ್ಯಯನದಲ್ಲಿ ಮೂರು ತಿಂಗಳಿಗೆ ಅದು ಕದಲಿರಲಿಲ್ಲ, ಹನ್ನೆರಡು ತಿಂಗಳಿಗೆ ತುಸು ತೆಳುವಾಗಿತ್ತು. ಮೂರನೆಯ ತಿಂಗಳಲ್ಲಿ ಬೇಸರಪಟ್ಟು ನಿಲ್ಲಿಸಬೇಡಿ. ಗೋದಾಮಿನಲ್ಲಿ ಹಳೆಯ ಥಾನುಗಳನ್ನು ಕೊಡವುವ ಕೆಲಸವನ್ನು ಬೇರೆಯವರಿಗೆ ವಹಿಸಲು ಸಾಧ್ಯವೇ ಎಂದೂ ಮಾಲೀಕರನ್ನು ಕೇಳಿ ನೋಡಿ.

ಪ್ರಶ್ನೆ: ಮೊಮ್ಮಗಳಿಗೆ ಏಳು ವರ್ಷ. ಸ್ಟೀರಾಯ್ಡ್ ಇನ್‌ಹೇಲರ್ ಎಳೆದರೆ ಹುಡುಗಿ ಕುಳ್ಳಿಯಾಗುತ್ತಾಳೆ ಎಂದು ನೆಂಟರೆಲ್ಲ ಹೆದರಿಸುತ್ತಿದ್ದಾರೆ. ನಿಜವೇ?
– ಒಬ್ಬ ಅಜ್ಜಿ, ಬಸವನಗುಡಿ

ಉತ್ತರ: ಅಮ್ಮಾ, ನೆಂಟರ ಮಾತಿನಲ್ಲಿ ಒಂದು ಸಣ್ಣ ಸತ್ಯವಿದೆ. ಮೇಲೆ ಹೇಳಿದ 1,041 ಮಕ್ಕಳ ಅಧ್ಯಯನವನ್ನು ಅವರು ದೊಡ್ಡವರಾಗುವವರೆಗೂ ಮುಂದುವರಿಸಿದಾಗ, ಬುಡೆಸೊನೈಡ್ ಪಡೆದವರ ಎತ್ತರ ಪಡೆಯದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು, ಎಂದರೆ ಅರ್ಧ ಅಂಗುಲದಷ್ಟೂ ಇಲ್ಲ. ಆ ಕೊರತೆ ಆದದ್ದು ಚಿಕಿತ್ಸೆಯ ಮೊದಲ ಎರಡು ವರ್ಷಗಳಲ್ಲಿ. ಆಮೇಲೆ ಅದು ಹೆಚ್ಚುತ್ತ ಹೋಗಲಿಲ್ಲ. ರಾತ್ರಿಯೆಲ್ಲ ಕೂತು ಉಸಿರೆಳೆಯುವ, ಪದೇಪದೇ ಸ್ಟೀರಾಯ್ಡ್ ಮಾತ್ರೆ ನುಂಗಬೇಕಾಗುವ ಮಗುವಿನ ಬೆಳವಣಿಗೆಗೆ ಆಗುವ ಹಾನಿಯ ಮುಂದೆ ಇದು ಚಿಕ್ಕದೆಂದೇ ನನ್ನ ಅಭಿಪ್ರಾಯ. ರೋಗ ಹತೋಟಿಗೆ ಬಂದ ಮೇಲೆ ವೈದ್ಯರು ಪ್ರಮಾಣವನ್ನು ಇಳಿಸುತ್ತಾರೆ. ಇನ್‌ಹೇಲರಿಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಹಚ್ಚಿ ಕೊಡಿ, ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, 66 ವರ್ಷ. 1982ರಲ್ಲಿ ಹಿರಿಯೂರಿನಿಂದ ಬೆಂಗಳೂರಿಗೆ ಬಂದವನಿಗೆ ಹತ್ತು ವರ್ಷದೊಳಗೆ ಅಸ್ತಮಾ ಅಂಟಿಕೊಂಡಿತು. ಪಾರ್ಥೇನಿಯಂ ಗಿಡವೇ ಕಾರಣವೆಂದು ಕೆಲವರು, ಇಲ್ಲಿನ ಥಂಡಿಯೆಂದು ಕೆಲವರು ಹೇಳುತ್ತಾರೆ. ಊರಿಗೆ ಮರಳಿದರೆ ಶ್ವಾಸನಾಳ ಮೊದಲಿನಂತಾದೀತೇ?
– ಮಲ್ಲೇಶ್ವರ

ಉತ್ತರ: ಮೇಷ್ಟ್ರೇ, ಬೆಂಗಳೂರಿಗೆ ಬಂದು ಅಸ್ತಮಾ ಬಂತೆನ್ನುವವರಲ್ಲಿ ನೀವು ಒಬ್ಬರೇ ಅಲ್ಲ. ಮಕ್ಕಳ ಶ್ವಾಸಕೋಶ ತಜ್ಞರಾದ ಡಾ. ಎಚ್. ಪರಮೇಶ್ ಅವರು ಇಲ್ಲಿ ಆಸ್ಪತ್ರೆಗೆ ಬಂದ 20,000 ಮಕ್ಕಳಲ್ಲಿ ನಡೆಸಿದ ಅಧ್ಯಯನದಲ್ಲಿ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ಊರಿಗೆ ಅದನ್ನು ಹಾಗೆಯೇ ಹಚ್ಚುವಂತಿಲ್ಲ. ಏರುಮುಖವನ್ನು ಮಾತ್ರ ಅಲ್ಲಗಳೆಯಲಾಗದು. ವಾಹನಗಳ ಹೊಗೆ ಒಳಹೊದಿಕೆಯನ್ನು ಸಡಿಲಿಸಿ ಅಲರ್ಜಿಕಾರಕಗಳಿಗೆ ದಾರಿ ಮಾಡಿಕೊಡುತ್ತದೆ ಎಂಬುದೂ ಇದಕ್ಕೆ ಹೊಂದುತ್ತದೆ.

ನಾವು ಕಾಂಗ್ರೆಸ್ ಗಿಡ ಎಂದು ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ್ದು. ಅದನ್ನು ತಿನ್ನಲೆಂದು ಮೆಕ್ಸಿಕೊದಿಂದ ತರಿಸಿದ ದುಂಬಿಯನ್ನು 1984ರಲ್ಲಿ ಬಿಟ್ಟದ್ದೂ ನಮ್ಮ ಬೆಂಗಳೂರಿನಲ್ಲಿಯೇ. ದುಂಬಿ ತಿಂದಷ್ಟೂ ಗಿಡ ಚಿಗುರಿತೆಂಬುದು ಬೇರೆ ಮಾತು. ಅದರ ಪರಾಗ ಹೆಚ್ಚಾಗಿ ಮೂಗಿನ ಅಲರ್ಜಿಯನ್ನೂ ಎಲೆಕಾಂಡಗಳ ಸ್ಪರ್ಶ ಚರ್ಮದ ತುರಿಕೆಯನ್ನೂ ತರುತ್ತದೆ. ಕೆಲವರಲ್ಲಿ ಉಬ್ಬಸವನ್ನು ಕೆರಳಿಸುತ್ತದೆ. ಅದೊಂದನ್ನೇ ಆರೋಪಿ ಮಾಡುವ ಮೊದಲು ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಮಾಡಿಸಿ. ಇನ್ನು ಥಂಡಿ. ದೂಳಿನ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಂಡು ಬದುಕುತ್ತದೆ. ಜೂನಿನಿಂದ ನವೆಂಬರಿನವರೆಗೆ ಒಣಗದ ಬಟ್ಟೆಗಳಿಂದ ತುಂಬಿರುವ ನಮ್ಮ ಮನೆಗಳು ಅದಕ್ಕೆ ತೌರುಮನೆ. ಹಿರಿಯೂರಿನ ಒಣಹವೆ ಅದಕ್ಕೆ ಒಗ್ಗದು. ಕಾಂಗ್ರೆಸ್ ಗಿಡಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ನಿಮಗೆ ಆಗದಿರುವುದು ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಮನೆ ಖಾಲಿ ಮಾಡಬೇಡಿ.

ಕಾರಣ ದೂರವಾದರೆ ಗೋಡೆ ಮೊದಲಿನಂತಾಗುವುದೇ ಎಂಬುದಕ್ಕೆ ಕಾರ್ಖಾನೆಗಳಿಂದ ಒಂದು ಉತ್ತರ ಸಿಕ್ಕಿದೆ. ಫೋಮ್ ಮತ್ತು ಪೇಂಟ್ ತಯಾರಿಕೆಯಲ್ಲಿ ಬಳಸುವ ಟಿಡಿಐ ಎಂಬ ರಾಸಾಯನಿಕದಿಂದ ಅಸ್ತಮಾ ಬಂದ ಇಟಲಿಯ ಕೆಲಸಗಾರರು ಅದರಿಂದ ದೂರವಾದ ಆರು ತಿಂಗಳ ಬಳಿಕ ಅವರ ಕೊಲಾಜೆನ್ ಪಟ್ಟಿ ತೆಳುವಾಗಿತ್ತು. ಶ್ವಾಸನಾಳ ಸಣ್ಣದಕ್ಕೂ ಮುನಿದು ಬಿಗಿಯುವ ಸ್ವಭಾವ ಮಾತ್ರ ಹಲವರಲ್ಲಿ ಉಳಿದೇ ಇತ್ತು. ಮೂವತ್ತು ವರ್ಷಗಳ ಅಸ್ತಮಾ ಇರುವ ನಿಮ್ಮಲ್ಲಿ ಊತ ಇಳಿದು ಉಸಿರು ಹಗುರಾಗಬಹುದು. ಸ್ನಾಯು ಮತ್ತು ನಾರು ಹಳೆಯ ಅಳತೆಗೆ ಮರಳುವುದನ್ನು ನಾನು ನಿರೀಕ್ಷಿಸುವುದಿಲ್ಲ. ಹೋಗುವುದಾದರೆ ಇನ್‌ಹೇಲರನ್ನು ಇಲ್ಲಿಯೇ ಬಿಟ್ಟು ಹೋಗಬೇಡಿ. ಹಳೆಯ ಹತ್ತಿ ಹಾಸಿಗೆಯನ್ನು ಬೇಕಾದರೆ ಬಿಟ್ಟು ಹೋಗಿ.

ಪ್ರಶ್ನೆ: ನನ್ನ ಅಕ್ಕನಿಗೆ ತೀವ್ರ ಅಸ್ತಮಾ. ಬಯೊಲಾಜಿಕಲ್ ಎಂಬ ದುಬಾರಿ ಚುಚ್ಚುಮದ್ದನ್ನು ಸೂಚಿಸಿದ್ದಾರೆ. ಇದರಿಂದ ಬದಲಾದ ರಚನೆ ಸರಿಹೋಗುತ್ತದೆಯೇ?
– ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಈ ಚುಚ್ಚುಮದ್ದುಗಳು ಅಲರ್ಜಿಯ ಸರಪಳಿಯ ಒಂದೊಂದು ಕೊಂಡಿಯನ್ನು ಹಿಡಿದು ನಿಲ್ಲಿಸುತ್ತವೆ. ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆದ ಒಮಾಲಿಝುಮಾಬ್ ಐಜಿಇಯನ್ನು ಹಿಡಿಯುತ್ತದೆ. ಮೆಪೊಲಿಝುಮಾಬ್ ಇಯೊಸಿನೊಫಿಲ್‌ಗಳನ್ನು ಪೋಷಿಸುವ ಇಂಟರ್‌ಲ್ಯೂಕಿನ್ 5 ಅನ್ನು. ಡ್ಯುಪಿಲುಮಾಬ್ ಇಂಟರ್‌ಲ್ಯೂಕಿನ್ 4 ಮತ್ತು 13ರ ಸಂದೇಶವನ್ನು. ಟೆಝೆಪೆಲುಮಾಬ್ ಒಳಹೊದಿಕೆಯೇ ಕಳುಹಿಸುವ ಮೊದಲ ಎಚ್ಚರಿಕೆಯ ಸಂಕೇತವನ್ನು. ಸರಿಯಾದ ರೋಗಿಗೆ ಸರಿಯಾದುದನ್ನು ಆರಿಸಿದರೆ ತೀವ್ರ ದಾಳಿಗಳು ಗಣನೀಯವಾಗಿ ತಗ್ಗುತ್ತವೆ. ನುಂಗುವ ಸ್ಟೀರಾಯ್ಡ್ ಮಾತ್ರೆಯನ್ನು ಕಡಿಮೆ ಮಾಡಬಹುದು. ವೆಚ್ಚ ಮಾಡುವುದು ಇದಕ್ಕಾಗಿ.

ರಚನೆಯ ವಿಷಯದಲ್ಲಿ ಫಲ ಮಿಶ್ರವಾಗಿದೆ. ಮೆಪೊಲಿಝುಮಾಬ್ ಕುರಿತ 2003ರ ಒಂದು ಸಣ್ಣ ಅಧ್ಯಯನದಲ್ಲಿ ಕೊಲಾಜೆನ್ ಪಟ್ಟಿಯೊಳಗಿನ ಕೆಲವು ಪ್ರೋಟೀನುಗಳು ಕಡಿಮೆಯಾಗಿದ್ದವು. ಟೆಝೆಪೆಲುಮಾಬ್ ಪಡೆದವರಲ್ಲಿ ಇಯೊಸಿನೊಫಿಲ್‌ಗಳು ಇಳಿದವು, ಸಿ.ಟಿ.ಯಲ್ಲಿ ಕಾಣುವ ಕಫದ ಬಿರಡೆಗಳೂ ಕಡಿಮೆಯಾದವು. ಕೊಲಾಜೆನ್ ಪಟ್ಟಿಯ ದಪ್ಪ ಮಾತ್ರ ಬದಲಾಗಲಿಲ್ಲ. ಮೋರಿಯಲ್ಲಿ ಕಟ್ಟಿಕೊಂಡದ್ದು ಹೋಯಿತು, ಮೋರಿಯ ಗೋಡೆ ಹಾಗೆಯೇ ಉಳಿಯಿತು ಎನ್ನಬಹುದು. ಆದರೆ ಕಟ್ಟಿಕೊಂಡದ್ದು ಹೋದರೆ ಉಸಿರಾಡುವವರಿಗೆ ಆಗುವ ಲಾಭ ಸಣ್ಣದಲ್ಲ.

ಸ್ನಾಯುವನ್ನೇ ನೇರವಾಗಿ ಕುಗ್ಗಿಸುವ ಒಂದು ವಿಧಾನವೂ ಬಂದಿತ್ತು. ಶ್ವಾಸನಾಳದ ಒಳಗನ್ನು ನೋಡುವ ಬ್ರಾಂಕೊಸ್ಕೋಪ್ ಎಂಬ ಕೊಳವೆಯ ಮೂಲಕ ತೆಳುತಂತಿಗಳ ಬುಟ್ಟಿಯೊಂದನ್ನು ಇಳಿಸಿ, ಗೋಡೆಗೆ ಸುಮಾರು 65 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಿದ್ದರು. ಮೂರು ಸಲವಾಗಿ ಮಾಡುತ್ತಿದ್ದರು. ಥರ್ಮೊಪ್ಲಾಸ್ಟಿ ಎಂಬ ಇದಕ್ಕೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಚಿಕಿತ್ಸೆಯ ವಾರಗಳಲ್ಲಿ ಉಬ್ಬಸ ಹೆಚ್ಚುವ ಅಪಾಯವಿದ್ದುದರಿಂದ ಆಯ್ದ ಕೆಲವರಿಗೆ ಮಾತ್ರ ಇದನ್ನು ಯೋಚಿಸುತ್ತಿದ್ದರು. ನಿಮ್ಮ ಅಕ್ಕನ ವಿಷಯದಲ್ಲಿ ಚುಚ್ಚುಮದ್ದಿಗೆ ಮುಂಚೆ ನಾನು ಕೇಳುವ ಪ್ರಶ್ನೆ ಇನ್ನೂ ಸರಳವಾದದ್ದು: ಈಗಿರುವ ಇನ್‌ಹೇಲರನ್ನು ಅವರು ದಿನವೂ, ಸರಿಯಾಗಿ ಎಳೆದುಕೊಳ್ಳುತ್ತಿದ್ದಾರೆಯೇ? ತೀವ್ರ ಅಸ್ತಮಾ ಎಂದು ಬಂದವರಲ್ಲಿ ಹಲವರ ರೋಗದ ತೀವ್ರತೆ ಇಲ್ಲಿಗೇ ಬಗೆಹರಿದದ್ದನ್ನು ನೋಡಿದ್ದೇನೆ.

ಪ್ರಶ್ನೆ: ಗೋಡೆ ದಪ್ಪವಾಗಿದೆಯೇ ಎಂದು ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿಸಿ ತಿಳಿಯಬಹುದೇ?
– ವಿದ್ಯಾರ್ಥಿನಿ, ಯಲಹಂಕ

ಉತ್ತರ: ಅಸ್ತಮಾ ಇರುವವರ ಎಕ್ಸ್‌ರೇ ಬಹುತೇಕ ಸಲ ಸಾಮಾನ್ಯವಾಗಿಯೇ ಇರುತ್ತದೆ. ಸಿ.ಟಿ. ಸ್ಕ್ಯಾನಿನಲ್ಲಿ ದೊಡ್ಡ ನಾಳಗಳ ಗೋಡೆಯ ದಪ್ಪವೂ ಕಫದ ಬಿರಡೆಗಳೂ ಕಾಣುತ್ತವೆ. ಎರಡು ಮಿಲಿಮೀಟರಿಗಿಂತ ಕಿರಿದಾದ ನಾಳಗಳ ಗೋಡೆ ಕಾಣುವುದಿಲ್ಲ. ಕೊಲಾಜೆನ್ ಪಟ್ಟಿಯನ್ನು ನೋಡಬೇಕಾದರೆ ಬ್ರಾಂಕೊಸ್ಕೋಪಿಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದ ಕೆಳಗಿಡಬೇಕು. ಸಂಶೋಧನೆಗಲ್ಲದೆ ಅದಕ್ಕಾಗಿಯೇ ಯಾರಿಗೂ ಹಾಗೆ ಮಾಡುವುದಿಲ್ಲ. ನಿಮಗೆ ಬೇಕಾದದ್ದು ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ, ಅದೂ ಒಂದು ಸಲವಲ್ಲ. ಔಷಧ ಎಳೆದ ಬಳಿಕ ನೀವು ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ವರ್ಷದಿಂದ ವರ್ಷಕ್ಕೆ ಹೇಗೆ ಸಾಗುತ್ತಿದೆ ಎಂಬುದೇ ಗೋಡೆಯ ಬಗ್ಗೆ ಮನೆಯವರೂ ಓದಿಕೊಳ್ಳಬಹುದಾದ ಸುದ್ದಿ. ವರ್ಷಕ್ಕೊಮ್ಮೆಯಾದರೂ, ಸಾಧ್ಯವಾದರೆ ಒಂದೇ ಕಡೆ ಮಾಡಿಸಿ. ಆ ಚೀಟಿಗಳಲ್ಲಿ ಹಲವು ಎ.ಟಿ.ಎಂ. ರಸೀದಿಯಂಥ ಕಾಗದದಲ್ಲಿ ಅಚ್ಚಾಗಿರುತ್ತವೆ, ಕೆಲವು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅಂದೇ ಜೆರಾಕ್ಸ್ ಮಾಡಿಸಿ ಫೈಲಿಗೆ ಹಾಕಿಡಿ.